ಮತ ಹಾಕಲು ಪೌರತ್ವಕ್ಕಾಗಿ ಕಾಯಬೇಡಿ: ಐಲ್ ಆಫ್ ಮ್ಯಾನ್‌ಗೆ ಬರುವ ಕನ್ನಡಿಗರಿಗೆ ಇಲ್ಲಿನ ಶಾಸನಸಭೆಯ ಪರಿಚಯ

ಆಸ್ಪತ್ರೆಯ ಕೆಲಸಕ್ಕೋ ಬ್ಯಾಂಕು, ವಿಮೆ, ಸಾಫ್ಟ್‌ವೇರ್ ಕಂಪನಿಗಳ ಕೆಲಸಕ್ಕೋ ಐಲ್ ಆಫ್ ಮ್ಯಾನ್‌ಗೆ ಬರುವ ನಮ್ಮವರು ಮೊದಲ ವಾರದಲ್ಲೇ ಬಾಡಿಗೆ ಮನೆ, ಮಕ್ಕಳ ಶಾಲೆ, ತೊಗರಿಬೇಳೆ, ಸೋನಾಮಸೂರಿ ಅಕ್ಕಿ ಸಿಗುವ ಅಂಗಡಿ, ಊರಿಗೆ ಹೋಗುವ ವಿಮಾನ ಇವೆಲ್ಲವನ್ನೂ ವಿಚಾರಿಸುತ್ತಾರೆ. ಅವಕ್ಕೆ ಉತ್ತರ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ವೀಸಾ, ಕೆಲಸದ ಪರವಾನಗಿ, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಇವುಗಳ ಕಾಗದಪತ್ರವನ್ನು ನಿಮ್ಮ ಉದ್ಯೋಗದಾತರು ಹೇಳಿದಂತೆ ಮುಗಿಸಿಕೊಳ್ಳಿ. ಆದರೆ ಈ ದ್ವೀಪದ ಕಾನೂನು ಮಾಡುವವರು ಯಾರು, ಅವರನ್ನು ಆರಿಸುವುದರಲ್ಲಿ ನಮಗೆ ಪಾಲು ಇದೆಯೇ ಎಂದು ಹೊಸಬರು ಕೇಳಿದ್ದನ್ನು ನಾನು ಕೇಳಿಲ್ಲ. ಹಲವು ವರ್ಷ ಇಲ್ಲಿದ್ದ ಮೇಲೂ ಕೇಳದವರಿದ್ದಾರೆ. ಆ ಒಂದು ವಿಷಯವನ್ನು ತಿಳಿಸಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ತಿಳಿಯಬೇಕಾದದ್ದು, ಈ ದ್ವೀಪ ಬ್ರಿಟನ್ನಿನ ಒಂದು ಜಿಲ್ಲೆಯಲ್ಲ, ರಾಜ್ಯವೂ ಅಲ್ಲ. ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಎಂಬ ಲೆಕ್ಕಾಚಾರದಲ್ಲಿ ಬೆಳೆದ ನಾವು ಲಂಡನ್ನನ್ನು ದೆಹಲಿಯ ಸ್ಥಾನದಲ್ಲಿಟ್ಟು, ಇಲ್ಲಿನ ರಾಜಧಾನಿ ಡಗ್ಲಸ್ ಪಟ್ಟಣವನ್ನು ಬೆಂಗಳೂರಿನ ಸ್ಥಾನದಲ್ಲಿಟ್ಟು ನೋಡುತ್ತೇವೆ. ಆ ಲೆಕ್ಕ ಇಲ್ಲಿ ಹೊಂದುವುದಿಲ್ಲ. ಐಲ್ ಆಫ್ ಮ್ಯಾನ್ ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿರುವ, ಬ್ರಿಟಿಷ್ ರಾಜನಿಗೆ ಸೇರಿದ, ತನ್ನನ್ನು ತಾನೇ ಆಳಿಕೊಳ್ಳುವ ದ್ವೀಪ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿರುವ ಬ್ರಿಟನ್ನಿನ ಸಂಸತ್ತಿಗೆ ಇಲ್ಲಿಂದ ಒಬ್ಬ ಸದಸ್ಯನೂ ಹೋಗುವುದಿಲ್ಲ, ಅಲ್ಲಿ ಆಗುವ ಕಾಯಿದೆ ತಾನಾಗಿ ಇಲ್ಲಿಗೆ ಅನ್ವಯಿಸುವುದೂ ಇಲ್ಲ. ರಕ್ಷಣೆ ಮತ್ತು ವಿದೇಶ ವ್ಯವಹಾರ ಬ್ರಿಟನ್ನಿನ ಹೊಣೆ; ಆದಾಯ ತೆರಿಗೆ, ಆಸ್ಪತ್ರೆ, ಶಾಲೆ, ಪೊಲೀಸು, ಮನೆ ಬಾಡಿಗೆಯ ಕಾನೂನು, ರಸ್ತೆ ಎಲ್ಲವೂ ಇಲ್ಲಿನ ಶಾಸನಸಭೆಯ ಕೈಯಲ್ಲಿವೆ. ಬ್ರಿಟಿಷ್ ಸರ್ಕಾರದ ಜಾಲತಾಣ ನೋಡಿ ತೆರಿಗೆ ಲೆಕ್ಕ ಹಾಕುವುದು, ಇಂಗ್ಲೆಂಡಿನಲ್ಲಿರುವ ನೆಂಟರ ಮಾತು ನಂಬಿ ಮಕ್ಕಳ ಶಾಲೆಯ ಬಗ್ಗೆ ತೀರ್ಮಾನ ಮಾಡುವುದು, ಬಾಡಿಗೆಯ ತಕರಾರಿಗೆ ಇಂಗ್ಲೆಂಡಿನ ಕಾಯಿದೆಯನ್ನು ಉಲ್ಲೇಖಿಸಿ ಪತ್ರ ಬರೆಯುವುದು, ಇವೆಲ್ಲ ನಮ್ಮವರ ನಡುವೆ ಮತ್ತೆ ಮತ್ತೆ ಆಗುವ ತಪ್ಪುಗಳು. ಹಣ ಹೋದ ಮೇಲೆ, ಸಮಯ ಮೀರಿದ ಮೇಲೆ ಇದು ಬೇರೆಯೇ ನಾಡು ಎಂಬುದು ಅರಿವಾದರೆ ಬಹಳ ನೋವಾಗುತ್ತದೆ.

ಆ ಶಾಸನಸಭೆಯ ಹೆಸರು ಟಿನ್ವಾಲ್ಡ್. ಸ್ಕ್ಯಾಂಡಿನೇವಿಯಾದಿಂದ ಬಂದ ನಾರ್ಸ್ ಜನರು (ವೈಕಿಂಗರು) ಈ ದ್ವೀಪದಲ್ಲಿ ನೆಲೆಸಿದ ಕಾಲದಿಂದ ಬಂದ ಸಭೆ ಇದು. 1979ರಲ್ಲಿ ಅದರ ಸಾವಿರ ವರ್ಷದ ಹಬ್ಬ ಆಚರಿಸಿದಾಗ ರಾಣಿ ಎರಡನೆಯ ಎಲಿಜಬೆತ್ ಸ್ವತಃ ಬಂದಿದ್ದರು. ಆರಂಭದ ಇಸವಿ ಪರಂಪರೆಯಿಂದ ಬಂದದ್ದೇ ಹೊರತು ದಾಖಲೆಯಿಂದ ಬಂದದ್ದಲ್ಲ. ಆದರೂ ಜಗತ್ತಿನಲ್ಲಿ ನಡುವೆ ನಿಲ್ಲದೆ ನಡೆದುಬಂದಿರುವ ಅತ್ಯಂತ ಹಳೆಯ ಸಂಸತ್ತು ತಮ್ಮದೆಂದು ಇಲ್ಲಿಯ ಜನ ಹೇಳಿಕೊಳ್ಳುವಾಗ ಅವರ ದನಿಯಲ್ಲಿರುವ ಅಭಿಮಾನ ನಿಜವಾದದ್ದು, ಅದನ್ನು ಗೌರವದಿಂದ ಕೇಳಬೇಕು.

ಟಿನ್ವಾಲ್ಡ್‌ಗೆ ಎರಡು ಅಂಗಗಳು. ಜನರು ನೇರವಾಗಿ ಆರಿಸುವುದು ಹೌಸ್ ಆಫ್ ಕೀಸ್, 24 ಸದಸ್ಯರ ಸಭೆ. 2016ರಿಂದ ದ್ವೀಪವನ್ನು 12 ಕ್ಷೇತ್ರಗಳಾಗಿ ವಿಂಗಡಿಸಿ ಒಂದೊಂದರಿಂದ ಇಬ್ಬರನ್ನು ಆರಿಸಲಾಗುತ್ತಿದೆ. ಹಾಗಾಗಿ ಮತದಾರ ಇಬ್ಬರಿಗೆ ಮತ ಹಾಕಬಹುದು, ಬೇಕಿದ್ದರೆ ಒಬ್ಬರಿಗೇ ಹಾಕಿ ಬಿಡಬಹುದು. ಇನ್ನೊಂದು ಅಂಗ ಲೆಜಿಸ್ಲೇಟಿವ್ ಕೌನ್ಸಿಲ್, 11 ಜನರದು. ಇವರಲ್ಲಿ ಎಂಟು ಮಂದಿಯನ್ನು ಹೌಸ್ ಆಫ್ ಕೀಸ್‌ನ ಸದಸ್ಯರೇ ಐದು ವರ್ಷಕ್ಕೆ ಆರಿಸುತ್ತಾರೆ. ಟಿನ್ವಾಲ್ಡ್‌ನ ಅಧ್ಯಕ್ಷರು, ದ್ವೀಪದ ಬಿಷಪ್ ಮತ್ತು ಅಟಾರ್ನಿ ಜನರಲ್ ಉಳಿದ ಮೂವರು. ಅಟಾರ್ನಿ ಜನರಲ್‌ಗೆ ಮತವಿಲ್ಲ; ಬಿಷಪ್ಪರಿಗೆ ಮತ ಇರಬೇಕೇ ಎಂಬ ವಾದ ಬಹಳ ಕಾಲ ನಡೆದಿದೆ. ನಮ್ಮ 75 ಸದಸ್ಯರ ವಿಧಾನ ಪರಿಷತ್ತಿನ ಮೂರನೆಯ ಒಂದು ಪಾಲನ್ನು ವಿಧಾನಸಭೆಯ ಶಾಸಕರು ಆರಿಸುವುದನ್ನು ಬಲ್ಲವರಿಗೆ ಈ ಪದ್ಧತಿ ಅಪರಿಚಿತವೆನಿಸುವುದಿಲ್ಲ.

ನಮ್ಮಲ್ಲಿಲ್ಲದ ಒಂದು ಸಂಗತಿಯೆಂದರೆ, ಎರಡೂ ಅಂಗಗಳು ತಮ್ಮ ತಮ್ಮ ಸಭೆಯಲ್ಲಿ ಮಸೂದೆಗಳನ್ನು ಪರಿಶೀಲಿಸಿದ ಮೇಲೆ, ಅಕ್ಟೋಬರ್‌ನಿಂದ ಜುಲೈವರೆಗೆ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಡಗ್ಲಸ್‌ನ ಶಾಸನಸಭಾ ಕಟ್ಟಡದಲ್ಲಿ ಒಟ್ಟಿಗೆ ಕೂಡುತ್ತವೆ. ಆ ಕೂಟವನ್ನು ಟಿನ್ವಾಲ್ಡ್ ಕೋರ್ಟ್ ಎನ್ನುತ್ತಾರೆ. ನ್ಯಾಯಾಲಯಕ್ಕೂ ಅದಕ್ಕೂ ಸಂಬಂಧವಿಲ್ಲ. ಸರ್ಕಾರದ ನೀತಿ, ಹಣಕಾಸು, ನಿಯಮಾವಳಿ, ಸಮಿತಿಗಳ ವರದಿ ಇವೆಲ್ಲ ಅಲ್ಲಿ ಚರ್ಚೆಗೆ ಬರುತ್ತವೆ. ಚರ್ಚೆ ಒಟ್ಟಿಗೆ ನಡೆದರೂ ಮತವನ್ನು ಪ್ರತ್ಯೇಕವಾಗಿ ಎಣಿಸುತ್ತಾರೆ, ಸಾಮಾನ್ಯವಾಗಿ ಎರಡೂ ಅಂಗಗಳು ಒಪ್ಪಿದರೆ ನಿರ್ಣಯ ಅಂಗೀಕಾರವಾಗುತ್ತದೆ. ಪ್ರತಿ ವರ್ಷ ಫೆಬ್ರವರಿಯಲ್ಲಿ ಖಜಾನೆ ಸಚಿವರು ಬಜೆಟ್ ಮಂಡಿಸುವುದೂ ಇಲ್ಲಿಯೇ. ಸಾರ್ವಜನಿಕರ ಗ್ಯಾಲರಿ ತೆರೆದಿರುತ್ತದೆ, ಕಲಾಪವನ್ನು ಮನೆಯಿಂದಲೇ ನೇರವಾಗಿ ಕೇಳಬಹುದು, ಆಡಿದ ಪ್ರತಿ ಮಾತೂ ಮುದ್ರಿತ ವರದಿಯಾಗಿ ಸಿಗುತ್ತದೆ. ನಿಮಗೆ ರಜೆಯಿರುವ ಒಂದು ಮಂಗಳವಾರ ಗ್ಯಾಲರಿಯಲ್ಲಿ ಕೂತು ಪ್ರಶ್ನೋತ್ತರ ಕೇಳಿ ಬನ್ನಿ. ನಿಮ್ಮ ಆಸ್ಪತ್ರೆಯ ಕಾಯುವ ಪಟ್ಟಿಯ ಬಗ್ಗೆ, ನೀವು ದಿನಾ ಹೋಗುವ ರಸ್ತೆಯ ಬಗ್ಗೆ ಸಚಿವರೊಬ್ಬರು ನಿಂತು ಉತ್ತರ ಕೊಡುವುದನ್ನು ಕಣ್ಣಾರೆ ನೋಡಿದರೆ ಈ ವ್ಯವಸ್ಥೆ ಎಷ್ಟು ಹತ್ತಿರದ್ದು ಎಂಬುದು ತಿಳಿಯುತ್ತದೆ.

ಇಲ್ಲಿ ಪಕ್ಷಗಳ ಪ್ರಾಬಲ್ಯವಿಲ್ಲ. ಒಂದೆರಡು ಸಣ್ಣ ಪಕ್ಷಗಳಿದ್ದರೂ ಗೆಲ್ಲುವವರಲ್ಲಿ ಬಹುಪಾಲು ಪಕ್ಷೇತರರೇ. ಚುನಾವಣೆ ಮುಗಿದ ಮೇಲೆ ಸದಸ್ಯರು ತಮ್ಮೊಳಗಿಂದ ಮುಖ್ಯಮಂತ್ರಿಯನ್ನು ಆರಿಸುತ್ತಾರೆ, ಅವರು ಸಚಿವರನ್ನು ಸೇರಿಸಿಕೊಂಡು ಮಂತ್ರಿಮಂಡಲ ಕಟ್ಟುತ್ತಾರೆ. ಮುಖ್ಯಮಂತ್ರಿಯ ಹುದ್ದೆಯೇ 1986ರಲ್ಲಿ ಬಂದದ್ದು. ಅದಕ್ಕೆ ಮುಂಚೆ ರಾಜನ ಪ್ರತಿನಿಧಿಯಾದ ಲೆಫ್ಟಿನೆಂಟ್ ಗವರ್ನರ್ ಕೈಯಲ್ಲಿ ಹೆಚ್ಚಿನ ಅಧಿಕಾರವಿತ್ತು, ಈಗ ಅವರ ಸ್ಥಾನ ಬಹುಮಟ್ಟಿಗೆ ನಮ್ಮ ರಾಜ್ಯಪಾಲರದ್ದರಂತೆ. 2021ರ ಅಕ್ಟೋಬರ್‌ನಲ್ಲಿ ಆಲ್ಫ್ರೆಡ್ ಕ್ಯಾನನ್ ಮುಖ್ಯಮಂತ್ರಿಯಾದದ್ದು ಹೀಗೆಯೇ. ಸಚಿವರಲ್ಲದ ಸದಸ್ಯರಲ್ಲಿಯೂ ಹೆಚ್ಚಿನವರಿಗೆ ಒಂದಲ್ಲ ಒಂದು ಇಲಾಖೆಯಲ್ಲಿ ಹೊಣೆ ಕೊಡುವ ರೂಢಿ ಇದೆ, ಆದ್ದರಿಂದ ಸರ್ಕಾರವನ್ನು ಎದುರಿಸಿ ನಿಲ್ಲುವ ಗಟ್ಟಿ ವಿರೋಧ ಪಕ್ಷ ಇಲ್ಲಿ ರೂಪುಗೊಳ್ಳುವುದಿಲ್ಲ. ಇದು ಈ ವ್ಯವಸ್ಥೆಯ ನಿಜವಾದ ಕೊರತೆಯೆಂದು ನನ್ನ ಅಭಿಪ್ರಾಯ. ಪಕ್ಷದ ಚಿಹ್ನೆ ನೋಡಿ ಮತ ಹಾಕುವ ಅಭ್ಯಾಸವಿರುವ ನಾವು ಇಲ್ಲಿ ಪ್ರತಿಯೊಬ್ಬ ಅಭ್ಯರ್ಥಿಯ ಪ್ರಣಾಳಿಕೆಯನ್ನೂ ಓದಲೇಬೇಕು, ಅವರ ಹಿಂದಿನ ಮತಗಳನ್ನು ಹುಡುಕಿ ನೋಡಬೇಕು, ಚುನಾವಣೆಗೆ ಮುಂಚೆ ಪ್ಯಾರಿಷ್ (ಹಳ್ಳಿ ಮಟ್ಟದ ಆಡಳಿತ ಘಟಕ) ಸಭಾಂಗಣಗಳಲ್ಲಿ ಮತದಾರರ ಕೋರಿಕೆಯ ಮೇರೆಗೆ ನಡೆಯುವ ಸಭೆಗಳಿಗೆ ಹೋಗಿ ಪ್ರಶ್ನೆ ಕೇಳಬೇಕು.

ಪ್ರಶ್ನೆ ಕೇಳುವುದೇ ನಮ್ಮವರಿಗೆ ಕಷ್ಟವಾಗುವ ಕೆಲಸ. ಕರ್ನಾಟಕದ 224 ಕ್ಷೇತ್ರಗಳಲ್ಲಿ ಒಂದೊಂದರ ಸರಾಸರಿ ಮತದಾರರ ಸಂಖ್ಯೆ ಎರಡು ಲಕ್ಷವನ್ನು ಮೀರುತ್ತದೆ; ಶಾಸಕರ ಮನೆಯ ಮುಂದೆ ಬೆಳಗಿನಿಂದ ಕಾದು, ಪರಿಚಯದವರ ಮೂಲಕ ಒಳಗೆ ಹೋಗಿ, ಕೈಮುಗಿದು ನಿಂತು ಶಿಫಾರಸು ಪತ್ರ ಪಡೆಯುವುದನ್ನು ನೋಡಿಯೇ ನಾವು ಬೆಳೆದಿದ್ದೇವೆ. ಶಾಸಕರೆಂದರೆ ಏನಾದರೂ ಬೇಡಲು ಹೋಗಬೇಕಾದವರು ಎಂಬ ಭಾವನೆ ನಮ್ಮ ಮೈಯಲ್ಲಿ ಉಳಿದಿದೆ. ಇಲ್ಲಿ 2021ರ ಜನಗಣತಿಯ ಪ್ರಕಾರ ಇಡೀ ದ್ವೀಪದ ಜನಸಂಖ್ಯೆ ಸುಮಾರು 84,000. ಅಂದರೆ ಒಬ್ಬ ಸದಸ್ಯರ ಪಾಲಿಗೆ ಮಕ್ಕಳು ಮುದುಕರೆಲ್ಲ ಸೇರಿ ಮೂರೂವರೆ ಸಾವಿರ ಜನ. ಅವರ ಫೋನ್ ಸಂಖ್ಯೆ, ಇಮೇಲ್ ವಿಳಾಸ ಎಲ್ಲರಿಗೂ ಲಭ್ಯ. ನಡುವೆ ಯಾರನ್ನೂ ಹಿಡಿಯಬೇಕಾಗಿಲ್ಲ, ಹೊಗಳಬೇಕಾಗಿಲ್ಲ, ಉಡುಗೊರೆ ಕೊಂಡೊಯ್ಯುವ ಮಾತಂತೂ ಬೇಡವೇ ಬೇಡ. ನಿಮ್ಮ ತೊಂದರೆ ಏನು, ಯಾವ ಇಲಾಖೆಗೆ ಯಾವಾಗ ಬರೆದಿರಿ, ಏನು ಉತ್ತರ ಬಂತು ಎಂಬುದನ್ನು ಒಂದು ಪುಟದಲ್ಲಿ ಬರೆದು ಕಳುಹಿಸಿ. ಬೇರೆಯವರ ಸರದಿ ತಪ್ಪಿಸಿ ನಿಮ್ಮ ಕೆಲಸ ಮಾಡಿಕೊಡಿ ಎಂದು ಕೇಳಿದರೆ ಅವರು ಮುಜುಗರಪಡುತ್ತಾರೆ. ನಿಯಮವೇ ಅನ್ಯಾಯವಾಗಿದೆ ಎಂದು ಹೇಳಿದರೆ ಕಿವಿಗೊಡುತ್ತಾರೆ. ನಮ್ಮಲ್ಲಿ ಎಷ್ಟೋ ಜನ ಸಂಬಳ, ವಸತಿ, ಪರವಾನಗಿಯ ವಿಷಯದಲ್ಲಿ ಅನ್ಯಾಯವನ್ನು ನುಂಗಿಕೊಂಡು, ರಾತ್ರಿ ಊರಿಗೆ ಫೋನ್ ಮಾಡಿ ಅಮ್ಮನ ಹತ್ತಿರವೂ ಹೇಳದೆ ಅತ್ತಿದ್ದಾರೆ. ನಡೆದುಹೋಗುವಷ್ಟು ದೂರದಲ್ಲಿ ತಮ್ಮ ಕ್ಷೇತ್ರದ ಸದಸ್ಯರಿದ್ದಾರೆ ಎಂಬುದನ್ನು ಅವರಿಗೆ ಯಾರೂ ಹೇಳಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟೂ ಬರುತ್ತದೆ, ದುಃಖವೂ ಆಗುತ್ತದೆ.

ಕಾನೂನು ಆಗುವ ಕ್ರಮವನ್ನು ಒಂದು ನಿದರ್ಶನದಿಂದ ಹೇಳುತ್ತೇನೆ. ಆಸ್ಪತ್ರೆಯಲ್ಲಿ ದುಡಿಯುವ ನಮ್ಮವರಿಗೆ ಇದು ನೇರವಾಗಿ ತಾಗಿದ ವಿಷಯ. ಗುಣವಾಗದ ಕಾಯಿಲೆಯ ಕೊನೆಯ ಹಂತದಲ್ಲಿರುವವರು ವೈದ್ಯರ ನೆರವಿನಿಂದ ಜೀವನವನ್ನು ಕೊನೆಗೊಳಿಸಿಕೊಳ್ಳಲು ಅವಕಾಶ ಕೊಡುವ ಮಸೂದೆಯನ್ನು ಡಾ. ಅಲೆಕ್ಸ್ ಆಲಿನ್ಸನ್ ಎಂಬ ಸದಸ್ಯರು 2023ರಲ್ಲಿ ಸರ್ಕಾರದ್ದಲ್ಲದ, ಖಾಸಗಿ ಸದಸ್ಯರ ಮಸೂದೆಯಾಗಿ ತಂದರು. ಪರವಾಗಿ ವಿರೋಧವಾಗಿ ವೈದ್ಯರು, ದಾದಿಯರು, ಚರ್ಚುಗಳು, ಸಾಮಾನ್ಯ ಜನ ತಮ್ಮ ಸದಸ್ಯರಿಗೆ ಬರೆದರು. ಹೌಸ್ ಆಫ್ ಕೀಸ್‌ನಲ್ಲಿ ಮೂರು ವಾಚನಗಳು, ಖಂಡ ಖಂಡವಾಗಿ ಚರ್ಚೆ, ತಿದ್ದುಪಡಿ. ಆಮೇಲೆ ಲೆಜಿಸ್ಲೇಟಿವ್ ಕೌನ್ಸಿಲ್‌ನಲ್ಲಿ ಮತ್ತೆ ಅದೇ ಕ್ರಮ. ಕೌನ್ಸಿಲ್ ಮಾಡಿದ ತಿದ್ದುಪಡಿಗಳು ಕೀಸ್‌ಗೆ ಮರಳಿ ಬಂದು ಹೋದವು. 2025ರ ಮಾರ್ಚ್‌ನಲ್ಲಿ ಎರಡೂ ಅಂಗಗಳ ಒಪ್ಪಿಗೆ ಮುಗಿಯಿತು. ಬ್ರಿಟನ್ನಿನ ಸಂಸತ್ತು ಇದೇ ವಿಷಯವನ್ನು ಇನ್ನೂ ಚರ್ಚಿಸುತ್ತಿದ್ದಾಗ ಈ ಸಣ್ಣ ದ್ವೀಪ ತನ್ನ ನಿರ್ಧಾರವನ್ನು ತಾನೇ ತೆಗೆದುಕೊಂಡಿತು. ಆದರೆ ಅಲ್ಲಿಗೆ ಮಸೂದೆ ಕಾನೂನಾಗಲಿಲ್ಲ, ಏಕೆಂದರೆ ಅದಕ್ಕೆ ರಾಜಸಮ್ಮತಿ ಬೇಕು. ದಿನನಿತ್ಯದ ಮಸೂದೆಗಳಿಗೆ ಲೆಫ್ಟಿನೆಂಟ್ ಗವರ್ನರ್ ಅವರೇ ಸಮ್ಮತಿ ಕೊಡುತ್ತಾರೆ, ಗಂಭೀರವಾದವು ಲಂಡನ್ನಿಗೆ ಹೋಗುತ್ತವೆ, ಅಲ್ಲಿಯ ನ್ಯಾಯ ಸಚಿವಾಲಯ ಅವನ್ನು ನೋಡುತ್ತದೆ. ತನ್ನನ್ನು ತಾನೇ ಆಳಿಕೊಳ್ಳುವುದರ ಗೆರೆ ಎಲ್ಲಿಯವರೆಗೆ ಎಂಬುದು ಇಂಥ ಸಂದರ್ಭದಲ್ಲಿ ಕಾಣಿಸುತ್ತದೆ. ಆ ಮಸೂದೆಯ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ರೋಗಿಗಳ ಹಾಸಿಗೆಯ ಪಕ್ಕದಲ್ಲಿ ರಾತ್ರಿಗಳನ್ನು ಕಳೆಯುವ ನಮ್ಮ ದಾದಿಯರಲ್ಲಿ ಅನೇಕರು ಅಭಿಪ್ರಾಯ ಇದ್ದೂ ಹೇಳಲಿಲ್ಲ, ನಮಗೇಕೆ ಎಂದು ಸುಮ್ಮನಿದ್ದರು. ಅವರ ಅನುಭವ ಆ ಚರ್ಚೆಗೆ ಬೇಕಾಗಿತ್ತು.

ನಮಗೇಕೆ ಎನ್ನುವವರು ಇಲ್ಲಿನ ಚರಿತ್ರೆಯಲ್ಲಿ ಒಂದು ಘಟನೆಯನ್ನು ತಿಳಿಯಬೇಕು. 19ನೆಯ ಶತಮಾನದ ಮಧ್ಯದವರೆಗೂ ಹೌಸ್ ಆಫ್ ಕೀಸ್‌ಗೆ ಚುನಾವಣೆಯೇ ಇರಲಿಲ್ಲ. ಒಂದು ಸ್ಥಾನ ತೆರವಾದರೆ ಉಳಿದವರೇ ಸೇರಿ ಬೇಕಾದವರನ್ನು ತುಂಬಿಕೊಳ್ಳುತ್ತಿದ್ದರು. ಲಿವರ್‌ಪೂಲ್‌ನಿಂದ ಬಂದು ನೆಲೆಸಿದ್ದ ಜೇಮ್ಸ್ ಬ್ರೌನ್ ಎಂಬ ಆಫ್ರಿಕಾ ಮೂಲದ ಪತ್ರಿಕಾ ಸಂಪಾದಕ ಇದನ್ನು ಕಟುವಾಗಿ ಟೀಕಿಸಿದ. 1864ರಲ್ಲಿ ಸಭೆ ಅವನನ್ನು ತನ್ನ ಮುಂದೆ ಕರೆಸಿತು. ಅವನು ಕ್ಷಮೆ ಕೇಳಲಿಲ್ಲ. ಕ್ಯಾಸಲ್‌ಟೌನ್‌ನ ಕೋಟೆಯ ಸೆರೆಮನೆಗೆ ಕಳುಹಿಸಿದರು. ಲಂಡನ್ನಿನ ನ್ಯಾಯಾಲಯ ಆ ಶಿಕ್ಷೆಗೆ ಅಧಿಕಾರವಿಲ್ಲವೆಂದು ಹೇಳಿ ಕೆಲವೇ ವಾರಗಳಲ್ಲಿ ಅವನನ್ನು ಬಿಡಿಸಿತು, ಆಮೇಲೆ ಅವನು ಪರಿಹಾರವನ್ನೂ ಗೆದ್ದ. ಆ ಪ್ರಕರಣ ಸುಧಾರಣೆಯ ಒತ್ತಾಯವನ್ನು ಬಲಪಡಿಸಿತು. 1866ರಲ್ಲಿ ಚುನಾವಣಾ ಕಾಯಿದೆ ಬಂತು, 1867ರಲ್ಲಿ ಮೊದಲ ಚುನಾವಣೆ ನಡೆಯಿತು. ಸುದೀರ್ಘ ಪರಂಪರೆಯ ಈ ಸಭೆ ಜನರ ಸಭೆಯಾಗಲು ಹೊರಗಿನಿಂದ ಬಂದ ಒಬ್ಬ ವಲಸೆಗಾರನ ಧೈರ್ಯವೂ ಕಾರಣವಾಯಿತು. ಅಲ್ಲಿಂದ ಮುಂದೆ ದ್ವೀಪ ಹಿಂದೆ ನೋಡಲಿಲ್ಲ. 1881ರಲ್ಲಿಯೇ ಆಸ್ತಿ ಹೊಂದಿದ ಅವಿವಾಹಿತ ಮಹಿಳೆಯರಿಗೆ ಮತ್ತು ವಿಧವೆಯರಿಗೆ ಮತದ ಹಕ್ಕು ಸಿಕ್ಕಿತು. ಬ್ರಿಟನ್ನಿನ ಸಂಸತ್ತಿಗೆ ಹೆಂಗಸರು ಮತ ಹಾಕಲು ಮುಂದಿನ ಶತಮಾನದವರೆಗೆ ಕಾಯಬೇಕಾಯಿತು. 2006ರಲ್ಲಿ ಮತದಾನದ ವಯಸ್ಸನ್ನು 16ಕ್ಕೆ ಇಳಿಸಿದರು.

ಈಗ ಮುಖ್ಯವಾದ ಮಾತು. 2021ರ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಲು ಬೇಕಾಗಿದ್ದದ್ದು 16 ವರ್ಷ ತುಂಬಿರುವುದು, ಹಿಂದಿನ 12 ತಿಂಗಳು ದ್ವೀಪದಲ್ಲಿ ವಾಸವಿರುವುದು, ಮತದಾರರ ಪಟ್ಟಿಯಲ್ಲಿ ಹೆಸರು ಇರುವುದು, ಇಷ್ಟೇ. ಬ್ರಿಟಿಷ್ ಪೌರತ್ವದ ಮಾತೇ ಇರಲಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರೂ ಮತ ಹಾಕಬಹುದಾಗಿತ್ತು. ಇದನ್ನು ಹೇಳಿದಾಗ ನಂಬದವರೇ ಹೆಚ್ಚು. ಮತವೆಂದರೆ ಪೌರರದ್ದು, ಪೌರತ್ವ ಬಂದ ಮೇಲೆ ನೋಡೋಣ ಎಂದುಕೊಂಡು ನಮ್ಮ ಪೈಕಿ ಎಷ್ಟೋ ಮನೆಗಳು ಚುನಾವಣೆಯ ಮೇಲೆ ಚುನಾವಣೆಯನ್ನು ಕಳೆದುಕೊಂಡಿವೆ. ತೆರಿಗೆ ಕಟ್ಟಿದೆವು, ಇವರ ಕಾಯಿಲೆಯವರನ್ನು ನೋಡಿಕೊಂಡೆವು, ಮಕ್ಕಳನ್ನು ಇಲ್ಲಿಯ ಶಾಲೆಗೆ ಹಾಕಿದೆವು, ಆದರೆ ಇದ್ದ ಹಕ್ಕನ್ನು ಕೇಳಿ ತಿಳಿಯುವ ಗೋಜಿಗೆ ಹೋಗಲಿಲ್ಲ. ಆ ವರ್ಷಗಳು ತಿರುಗಿ ಬರುವುದಿಲ್ಲ. ಚುನಾವಣೆ 2016, 2021, 2026 ಹೀಗೆ ಐದು ವರ್ಷಕ್ಕೊಮ್ಮೆ ಸೆಪ್ಟೆಂಬರ್ ತಿಂಗಳ ಒಂದು ಗುರುವಾರ ನಡೆಯುತ್ತದೆ. ನಿಯಮಗಳನ್ನು ತಿದ್ದುವ ಅಧಿಕಾರ ಟಿನ್ವಾಲ್ಡ್‌ಗಿದೆ, ಆದ್ದರಿಂದ ಪ್ರತಿ ಚುನಾವಣೆಗೂ ಮುನ್ನ ಚುನಾವಣಾ ಕಚೇರಿಯನ್ನು ಕೇಳಿ ಖಚಿತಪಡಿಸಿಕೊಳ್ಳಿ. ಮನೆ ಬದಲಾಯಿಸಿದಾಗ ಹೆಸರನ್ನು ಹೊಸ ವಿಳಾಸಕ್ಕೆ ಸೇರಿಸಿ. ಹೆಂಡತಿಯ ಹೆಸರು, ಜೊತೆಗಿರುವ ತಂದೆ ತಾಯಿಯ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಿ. ಪಟ್ಟಣ ಮತ್ತು ಪ್ಯಾರಿಷ್ ಮಟ್ಟದ ಸ್ಥಳೀಯ ಸಂಸ್ಥೆಗಳ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ ಪ್ರತ್ಯೇಕವಾಗಿ ನಡೆಯುತ್ತದೆ. ಕಸ, ಬೀದಿ ದೀಪ, ಸಾರ್ವಜನಿಕ ವಸತಿ ಅವರ ಕೈಯಲ್ಲಿವೆ.

ಊರಿನ ಮತದ ಗತಿಯೇನು ಎಂದು ನೀವು ಕೇಳಬಹುದು. ಭಾರತದ ಪಾಸ್‌ಪೋರ್ಟ್ ಇರುವವರೆಗೆ ಸ್ವಂತ ಕ್ಷೇತ್ರದಲ್ಲಿ ಅನಿವಾಸಿ ಮತದಾರರಾಗಿ ಹೆಸರು ನೋಂದಾಯಿಸಬಹುದು, ಆದರೆ ಮತದಾನದ ದಿನ ಅದೇ ಮತಗಟ್ಟೆಯಲ್ಲಿ ಹಾಜರಿರಬೇಕು. ಬ್ರಿಟಿಷ್ ಪೌರತ್ವ ಪಡೆದ ದಿನ ಅದೂ ಮುಗಿಯುತ್ತದೆ. ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಸಿಗುವ ಓಸಿಐ ಕಾರ್ಡ್ ಮತದ ಹಕ್ಕನ್ನು ಕೊಡುವುದಿಲ್ಲ. ಪೌರತ್ವದ ಕಾಗದಕ್ಕೆ ಸಹಿ ಹಾಕುವಾಗ ನನಗಾದ ಸಂಕಟವನ್ನು ಮುಚ್ಚಿಡುವುದಿಲ್ಲ. ಶಾಯಿ ಹಚ್ಚಿದ ಬೆರಳು ತೋರಿಸಿಕೊಂಡು ಶಾಲೆಯ ಮತಗಟ್ಟೆಯಿಂದ ಹೊರಬರುವುದು, ದಾರಿಯುದ್ದಕ್ಕೂ ಯಾರು ಗೆಲ್ಲುತ್ತಾರೆಂದು ಮಾತಾಡಿಕೊಂಡು ಮನೆಗೆ ನಡೆಯುವುದು, ಇವು ಇನ್ನು ನಮಗಿಲ್ಲ. ಅದರ ಬದಲಿಗೆ ಇದು ಸಿಕ್ಕಿತು ಎಂದು ಹೇಳಲಾರೆ. ಒಂದು ಇನ್ನೊಂದಕ್ಕೆ ಬದಲಾಗುವುದಿಲ್ಲ. ಆದರೆ ಅಲ್ಲಿಯದೂ ಇಲ್ಲ, ಇಲ್ಲಿಯದೂ ಇಲ್ಲ ಎಂಬ ಸ್ಥಿತಿಯಲ್ಲಿ ಹತ್ತಾರು ವರ್ಷ ಬದುಕುವುದು ತಾನಾಗಿ ತಂದುಕೊಂಡ ಬಡತನ.

ಮಕ್ಕಳ ವಿಷಯದಲ್ಲಿ ಇದು ಇನ್ನೂ ತೀಕ್ಷ್ಣವಾಗಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ಟಿನ್ವಾಲ್ಡ್ ಬಗ್ಗೆ ಕಲಿಯುತ್ತಾರೆ, ದೊಡ್ಡ ತರಗತಿಯವರು ಜೂನಿಯರ್ ಟಿನ್ವಾಲ್ಡ್‌ನಲ್ಲಿ ನಿಜವಾದ ಸದಸ್ಯರ ಆಸನಗಳಲ್ಲಿ ಕೂತು ವಾದ ಮಾಡುತ್ತಾರೆ, 16 ತುಂಬಿದರೆ ಮತ ಹಾಕುತ್ತಾರೆ. ಮನೆಯಲ್ಲಿ ಅಪ್ಪ ಅಮ್ಮ ಬೆಂಗಳೂರಿನ ರಾಜಕೀಯವನ್ನೇ ಮಾತಾಡುತ್ತಿದ್ದು, ತಾವು ಬದುಕುವ ನಾಡಿನ ಮುಖ್ಯಮಂತ್ರಿಯ ಹೆಸರೂ ತಿಳಿಯದೆ ಇದ್ದರೆ, ಆ ಮಕ್ಕಳು ತಮ್ಮ ಸಾರ್ವಜನಿಕ ಬದುಕನ್ನು ನಮ್ಮಿಂದ ಬೇರೆಯಾಗಿ ಕಟ್ಟಿಕೊಳ್ಳುತ್ತಾರೆ. ಕನ್ನಡ ಮನೆಯಲ್ಲಿ ಉಳಿಯಬೇಕೆಂದು ನಾವು ಹಂಬಲಿಸುತ್ತೇವಲ್ಲ, ಅದು ಹಬ್ಬದ ಊಟದ ಭಾಷೆಯಾಗಿ ಮಾತ್ರ ಉಳಿದರೆ ಬಹಳ ದಿನ ಬಾಳುವುದಿಲ್ಲ. ಇಲ್ಲಿಯ ಬಜೆಟ್ಟನ್ನು, ಇಲ್ಲಿಯ ಅಭ್ಯರ್ಥಿಗಳನ್ನು ಊಟದ ಹೊತ್ತಿನಲ್ಲಿ ಕನ್ನಡದಲ್ಲಿಯೇ ಚರ್ಚಿಸಬೇಕು. ಈ ದ್ವೀಪದ ಜನಕ್ಕೆ ಭಾಷೆ ಕಳೆದುಕೊಳ್ಳುವ ದುಃಖ ಗೊತ್ತು. ದ್ವೀಪದ ಹಳೆಯ ಭಾಷೆಯಾದ ಮ್ಯಾಂಕ್ಸ್ ಅನ್ನು ತಾಯ್ನುಡಿಯಾಗಿ ಆಡುತ್ತಿದ್ದ ಹಳೆಯ ತಲೆಮಾರಿನ ಕೊನೆಯವರಾದ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡರು. 2001ರಲ್ಲಿ ಮ್ಯಾಂಕ್ಸ್ ಮಾಧ್ಯಮದ ಪ್ರಾಥಮಿಕ ಶಾಲೆ ಆರಂಭವಾಯಿತು. 2009ರಲ್ಲಿ ಯುನೆಸ್ಕೋ ಆ ಭಾಷೆ ಅಳಿದುಹೋಗಿದೆ ಎಂದು ಪಟ್ಟಿ ಮಾಡಿದಾಗ ಆ ಶಾಲೆಯ ಮಕ್ಕಳು ಮ್ಯಾಂಕ್ಸ್‌ನಲ್ಲಿಯೇ ಪತ್ರ ಬರೆದು ಪ್ರತಿಭಟಿಸಿದರು, ಯುನೆಸ್ಕೋ ತನ್ನ ಮಾತನ್ನು ತಿದ್ದಿಕೊಂಡಿತು. ಮನೆಮಾತು ಉಳಿಸಿಕೊಳ್ಳಲು ಹೆಣಗುವ ನಮ್ಮನ್ನು ಇಂಥ ಜನ ಅರ್ಥಮಾಡಿಕೊಳ್ಳುತ್ತಾರೆ ಎಂಬುದು ನನ್ನ ಅನುಭವ.

ಇನ್ನು ಜುಲೈ 5, ಟಿನ್ವಾಲ್ಡ್ ದಿನ. ಶನಿವಾರ, ಭಾನುವಾರ ಬಂದರೆ ಮುಂದಿನ ಸೋಮವಾರ ನಡೆಯುತ್ತದೆ. ಮಕ್ಕಳನ್ನು ಕರೆದುಕೊಂಡು ಸೇಂಟ್ ಜಾನ್ಸ್ ಹಳ್ಳಿಗೆ ಹೋಗಿ. ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಸದಸ್ಯರು, ನ್ಯಾಯಾಧೀಶರು, ಅಧಿಕಾರಿಗಳೆಲ್ಲ ಹುಲ್ಲು ಹಾಸಿದ ದಾರಿಯಲ್ಲಿ ಮೆರವಣಿಗೆಯಲ್ಲಿ ಬಂದು ನಾಲ್ಕು ಮೆಟ್ಟಿಲಿನ ಹಸಿರು ದಿಬ್ಬದ ಮೇಲೆ ಕೂರುತ್ತಾರೆ. ಆ ವರ್ಷ ಸಮ್ಮತಿ ಪಡೆದ ಕಾಯಿದೆಗಳ ಸಾರವನ್ನು ಇಂಗ್ಲಿಷಿನಲ್ಲಿಯೂ ಮ್ಯಾಂಕ್ಸ್‌ನಲ್ಲಿಯೂ ಬಯಲಿನಲ್ಲಿ ನಿಂತ ಜನರಿಗೆ ಓದಿ ಹೇಳುತ್ತಾರೆ. ಇದು ಬರಿಯ ಆಚರಣೆಯಲ್ಲ: ಸಮ್ಮತಿ ಸಿಕ್ಕ 18 ತಿಂಗಳೊಳಗೆ ಹೀಗೆ ಸಾರದಿದ್ದರೆ ಆ ಕಾಯಿದೆ ಬಿದ್ದುಹೋಗುತ್ತದೆ. ಅದೇ ಹೊತ್ತಿನಲ್ಲಿ ಅಹವಾಲಿನ ಅರ್ಜಿ ಇರುವವರು ದಿಬ್ಬದ ಬುಡಕ್ಕೆ ನಡೆದುಬಂದು ಎಲ್ಲರ ಎದುರಿನಲ್ಲಿ ಅದನ್ನು ಒಪ್ಪಿಸುತ್ತಾರೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡಿದ ಹಿರಿಯರನ್ನು ನೋಡಿದವರಿಗೆ ಆ ಕ್ಷಣದ ಬೆಲೆ ತಿಳಿಯುತ್ತದೆ. ಅರ್ಜಿ ನಿಯಮಕ್ಕೆ ಸರಿಯಾಗಿದ್ದರೆ ಟಿನ್ವಾಲ್ಡ್‌ನ ಯಾವ ಸದಸ್ಯರಾದರೂ ಅದನ್ನು ಎತ್ತಿಕೊಂಡು ಸಮಿತಿಯ ತನಿಖೆಗೆ ಒಯ್ಯಬಹುದು, ಹಾಗೆ ಶುರುವಾಗಿ ಕಾನೂನಿನ ಬದಲಾವಣೆವರೆಗೆ ಹೋದ ಅರ್ಜಿಗಳೂ ಇವೆ. ಅರ್ಜಿ ಸಾರ್ವಜನಿಕ ವಿಷಯದ ಬಗ್ಗೆ ಇರಬೇಕು, ನ್ಯಾಯಾಲಯದಲ್ಲಿ ತೀರುವ ಸ್ವಂತ ವ್ಯಾಜ್ಯವಾಗಿರಬಾರದು. ನೀವು ಕೊಡಬೇಕೆಂದಿದ್ದರೆ ಕೆಲವು ವಾರಗಳ ಮುಂಚೆಯೇ ಕರಡನ್ನು ಟಿನ್ವಾಲ್ಡ್‌ನ ಕಾರ್ಯದರ್ಶಿಯ (ಕ್ಲರ್ಕ್ ಆಫ್ ಟಿನ್ವಾಲ್ಡ್) ಕಚೇರಿಗೆ ತೋರಿಸಿ; ಅಲ್ಲಿಯ ಸಿಬ್ಬಂದಿ ಒಕ್ಕಣೆ ನಿಯಮಕ್ಕೆ ಹೊಂದುತ್ತದೆಯೇ ಎಂದು ನೋಡಿ ಹೇಳುತ್ತಾರೆ. ಅರ್ಜಿ ಇಲ್ಲದವರು ಸುಮ್ಮನೆ ನೋಡಲು ಹೋಗುವುದಾದರೂ ಬೆಳಿಗ್ಗೆ ಬೇಗ ಹೊರಡಿ, ರಸ್ತೆಗಳನ್ನು ಮುಚ್ಚುತ್ತಾರೆ. ಜುಲೈ ಆದರೂ ಗಾಳಿ ಮಳೆ ಇರುತ್ತದೆ, ಮಕ್ಕಳಿಗೆ ಸ್ವೆಟರ್, ಮಳೆಯಂಗಿ, ಬುತ್ತಿಗೆ ಚಿತ್ರಾನ್ನ ಜೊತೆಗಿರಲಿ.